ಕಾರಣ ಎಲ್ಲುಂಟು, ತೋರಿಸಿ

ಆಡಳಿತ ಕಾನೂನು (ಸರ್ಕಾರಿ ಅಧಿಕಾರಿಗಳು ಅಧಿಕಾರ ಬಳಸುವ ರೀತಿಯನ್ನು ಹಿಡಿತದಲ್ಲಿಡುವ ಕಾನೂನು) ಅಂದರೆ ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರಿಗೆ ಅಸಡ್ಡೆ. ಕ್ರಿಮಿನಲ್ ಲಾ ಕ್ಲಾಸಿಗೆ ಹಿಂದಿನ ಬೆಂಚೂ ಭರ್ತಿ. ಊಟದ ನಂತರದ ಈ ಪೀರಿಯಡ್ಡಿಗೆ ಮಾತ್ರ ಅರ್ಧ ಕ್ಲಾಸು ಹಂಪನಕಟ್ಟೆಯ ಹೋಟೆಲುಗಳಲ್ಲಿ. ಕೊಲೆ, ದರೋಡೆ, ವಿಚ್ಛೇದನದಲ್ಲಾದರೆ ಕಥೆ ಇರುತ್ತದೆ, ತಹಶೀಲ್ದಾರರ ಹಿಂಬರಹದಲ್ಲಿ ಎಂತ ಕಥೆ? 2003ರಿಂದ 2006ರವರೆಗೆ ಮಂಗಳೂರಿನಲ್ಲಿ ಕಾನೂನು ಓದಿದ ನನಗೆ ಇವತ್ತು ಅನ್ನ ಹಾಕುತ್ತಿರುವುದು ಅಂಥ ಕಾಗದಗಳೇ. ಸುಂಕ (ಕಸ್ಟಮ್ಸ್) ಇಲಾಖೆಯ ಆದೇಶಗಳ ವಿರುದ್ಧ ಮೇಲ್ಮನವಿ ಬರೆಯುವುದು ನನ್ನ ಕಸುಬು.

ಅದಕ್ಕೆ ಕಾರಣ ನಮ್ಮ ಸರ್. ಹೆಸರು ಬರೆದರೆ ಅವರಿಗೆ ಹಿಡಿಸುವುದಿಲ್ಲ, ಆ ಕಾಲದವರಿಗೆ ಹೇಗೂ ಗೊತ್ತು. ಪಠ್ಯಪುಸ್ತಕವನ್ನು ಅವರು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಮುಟ್ಟುತ್ತಿದ್ದರು. ಉಳಿದ ದಿನ ಕೈಯಲ್ಲಿ ಆದೇಶಗಳ ಜೆರಾಕ್ಸ್ ಕಟ್ಟು. ಊರು, ಹೆಸರುಗಳಿಗೆಲ್ಲ ಕಪ್ಪು ಮಸಿ. ಒಂದು ಆದೇಶ ಇನ್ನೂ ನೆನಪಿದೆ. ಯಾವುದೋ ಬಂದರಿಗೆ ಬಂದ ಮರದ ದಿಮ್ಮಿ. ಆಮದುದಾರ ತೋರಿಸಿದ ಬೆಲೆ ಕಡಿಮೆಯಾಯಿತು, ಅದೇ ಹೊತ್ತಿಗೆ ಇನ್ನೊಬ್ಬ ಹೆಚ್ಚು ಕೊಟ್ಟು ತರಿಸಿದ್ದಾನೆ ಎಂದು ಇಲಾಖೆಯ ಆಕ್ಷೇಪ. ನಾಲ್ಕು ಪುಟ ಸಂಗತಿ, ಮೂರು ಪುಟ ಆಮದುದಾರನ ಉತ್ತರ. ಕೊನೆಗೆ ‘ಕಡತವನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ, ಆಮದುದಾರರ ವಾದವನ್ನು ಒಪ್ಪಲಾಗದು’ ಎಂಬರ್ಥದ ಎರಡು ಸಾಲು, ಕೂಡಲೇ ದಂಡ. ಎರಡೂ ಕಡೆಯ ಮರ ಒಂದೇ ಜಾತಿಯದೇ? ಸುತ್ತಳತೆ ಒಂದೇನಾ? ಒಬ್ಬ ಹಡಗುಗಟ್ಟಲೆ ತರಿಸಿದ್ದು, ಇನ್ನೊಬ್ಬ ಸ್ವಲ್ಪ ತರಿಸಿದ್ದೇ? ಒಂದಕ್ಕೂ ಉತ್ತರವಿಲ್ಲ. ಸರ್ ಹಾಳೆಯನ್ನು ಮುಂದಿನ ಬೆಂಚಿಗೆ ಕೊಟ್ಟು, “ಇದರಲ್ಲಿ ಕಾರಣ ಎಲ್ಲುಂಟು, ತೋರಿಸಿ ಮಾರಾಯ್ರೇ” ಎಂದರು. ಹಾಳೆ ಕ್ಲಾಸೆಲ್ಲ ಸುತ್ತಿ ಅವರ ಮೇಜಿಗೇ ವಾಪಸಾಯಿತು.

ಸೀಮೆನ್ಸ್ ಇಂಜಿನಿಯರಿಂಗ್ ತೀರ್ಪನ್ನು ಬಿಡಿಸಿದ್ದು ಆಮೇಲೆ. 1976ರ ಆ ಸುಪ್ರೀಂ ಕೋರ್ಟ್ ತೀರ್ಪು ಹುಟ್ಟಿದ್ದೂ ಸುಂಕದ ಜಗಳದಿಂದಲೇ. ಆಮದಾದ ಸಾಮಾನು ಸುಂಕಪಟ್ಟಿಯ ಯಾವ ಬಾಬಿನಡಿ ಬರುತ್ತದೆ ಎಂಬ ತಕರಾರು. ಅರೆನ್ಯಾಯಿಕ ಅಧಿಕಾರ ಇರುವವರು (ಕೋರ್ಟು ಅಲ್ಲದಿದ್ದರೂ ಎರಡೂ ಕಡೆ ಕೇಳಿ ತೀರ್ಮಾನ ಕೊಡುವವರು) ಆದೇಶದಲ್ಲಿ ಕಾರಣ ಬರೆಯಲೇಬೇಕು, ಬರೆದಂತೆ ತೋರಿಸಿಕೊಂಡರೆ ಸಾಲದು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ತತ್ತ್ವವನ್ನು ಮೊದಲು ಬಾಯಿಪಾಠ ಮಾಡಿಸಿದ್ದರೆ ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಿದ್ದೆವು. ಕಾರಣವಿಲ್ಲದ ಆದೇಶವನ್ನು ಮೊದಲು ಕೈಗೆ ಕೊಟ್ಟದ್ದರಿಂದ ಉಳಿಯಿತು.

ಕ್ರೈಪಾಕ್ ಪ್ರಕರಣ ಹೇಳುವಾಗಲಂತೂ ಸರ್‌ಗೆ ಊರಿನ ಅಭಿಮಾನ ಉಕ್ಕುತ್ತಿತ್ತು. ಜಮ್ಮು-ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಆಯ್ಕೆ. ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆಯ್ಕೆ ಮಂಡಳಿಯ ಸದಸ್ಯರೂ ಹೌದು, ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋದರು. ಪೈಪೋಟಿಯಲ್ಲಿದ್ದವರ ಹೆಸರು ಬಂದಾಗ ಕುರ್ಚಿಯಲ್ಲೇ ಇದ್ದರು. ಪಟ್ಟಿ ಹೊರಬಂದಾಗ ಮೊದಲ ಹೆಸರು ಅವರದೇ. ಇದು ಬರೀ ಆಡಳಿತದ ಕೆಲಸ, ನೈಸರ್ಗಿಕ ನ್ಯಾಯದ ನಿಯಮ (ತನ್ನ ವಿಷಯಕ್ಕೆ ತಾನೇ ತೀರ್ಪುಗಾರ ಆಗಬಾರದು ಎಂಬಂಥದ್ದು) ಇದಕ್ಕೆ ತಾಗುವುದಿಲ್ಲ ಎಂದು ಸರ್ಕಾರ ವಾದಿಸಿತು. ಆಡಳಿತದ ಅಧಿಕಾರಕ್ಕೂ ಅರೆನ್ಯಾಯಿಕ ಅಧಿಕಾರಕ್ಕೂ ನಡುವಿನ ಗೆರೆ ಬಲು ತೆಳು, ಅದೂ ಅಳಿಸಿಹೋಗುತ್ತಿದೆ ಎಂದು ಹೇಳಿ ಕೋರ್ಟು 1969ರಲ್ಲಿ ಆಯ್ಕೆಯನ್ನೇ ರದ್ದು ಮಾಡಿತು. ಇಡೀ ದೇಶದ ಲಾ ಕಾಲೇಜುಗಳು ಓದುವ ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಕಾರ್ಕಳ ತಾಲೂಕಿನ ಕೌಡೂರಿನವರು. 1973ರಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಬಂದವರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ನಿಟ್ಟೆಯ ಹೆಗ್ಡೆಯವರು ಎಂದರೆ ನಮಗೆ ಗೊತ್ತಿದ್ದದ್ದು ಅವರ ಟ್ರಸ್ಟಿನ ಕಾಲೇಜುಗಳು ಮಾತ್ರ. ಕಾರ್ಕಳದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಗೆಳೆಯನೊಬ್ಬ ಅವತ್ತಿನಿಂದ ಈ ಕ್ಲಾಸು ತಪ್ಪಿಸಲಿಲ್ಲ.

ಪಣಂಬೂರಿನ ಬಂದರಿಗೂ ಕರೆದುಕೊಂಡು ಹೋಗಿದ್ದರು. ಯಾರ್ಡಿನಲ್ಲಿ ದಿಮ್ಮಿಗಳು ಅಟ್ಟಿಯಾಗಿ ಬಿದ್ದಿದ್ದವು, ಪ್ರತಿಯೊಂದರ ಕತ್ತರಿಸಿದ ಮುಖದ ಮೇಲೂ ಬಣ್ಣದಲ್ಲಿ ಬರೆದ ನಂಬರು. ಮಳೆಗೆ ಕೆಲವು ಅಳಿಸಿದ್ದವು. ಸಿಎಚ್‌ಎ ಒಬ್ಬರು (ಆಮದುದಾರರ ಪರವಾಗಿ ಸುಂಕದ ಕಾಗದಪತ್ರ ನೋಡಿಕೊಳ್ಳುವ ಏಜೆಂಟರು, ಈಗ ಅವರನ್ನು ಕಸ್ಟಮ್ಸ್ ಬ್ರೋಕರ್ ಎನ್ನುತ್ತಾರೆ) ಕೈಯಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾ ಪತ್ರ, ಹಿಡಿದು, ಯಾವ ಸಹಿ ಎಲ್ಲಿ ಬೀಳಬೇಕು, ‘ಔಟ್ ಆಫ್ ಚಾರ್ಜ್’ (ಮಾಲು ಬಿಡಲು ಅಪ್ಪಣೆ) ಆಗುವವರೆಗೆ ಮಾಲು ಯಾಕೆ ಅಲುಗಬಾರದು ಎಂದು ಪಾಠ ಮಾಡಿದರು. ಸುಂಕ ಕಾಯ್ದೆಯ 46, 17, 47ನೇ ಕಲಂಗಳು (ಪತ್ರ ಸಲ್ಲಿಕೆ, ಸುಂಕ ನಿರ್ಧಾರ, ಮಾಲು ಬಿಡುಗಡೆ) ಇದೇ ವರಸೆಯಲ್ಲಿ ನಡೆಯುತ್ತವೆ ಎಂದು ಹೊಳೆದದ್ದು ಅಲ್ಲಿ. ಪುಸ್ತಕದಲ್ಲಿ ಅವು ಬರೀ ಅಂಕಿಗಳಾಗಿದ್ದವು.

ಇನ್ನೊಮ್ಮೆ ನಿವೃತ್ತ ಶಿರಸ್ತೇದಾರರೊಬ್ಬರನ್ನು ಕ್ಲಾಸಿಗೇ ಕರೆಸಿದರು. ಕಡತ ನಡೆಯುವ ದಾರಿಯನ್ನು ಅವರು ಹೇಳಿದರು. ಟಪಾಲಿನಿಂದ ವಿಷಯ ನಿರ್ವಾಹಕರ ಮೇಜಿಗೆ, ಅಲ್ಲಿಂದ ಟಿಪ್ಪಣಿ ಹಾಳೆ (ಕಡತದೊಳಗೆ ಅಧಿಕಾರಿಗಳು ಅಭಿಪ್ರಾಯ ಬರೆಯುವ ಹಾಳೆ) ಏರಿ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಸಾಹೇಬರ ಮುಂದೆ, ಅಲ್ಲಿಂದ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಮತ್ತೆ ಕೆಳಗೆ. “‘ನಿಯಮಾನುಸಾರ ಕ್ರಮ ವಹಿಸಿ’ ಅಂತ ಬರೆದರೆ ಸಾಹೇಬರಿಗೆ ಮನಸ್ಸಿಲ್ಲ ಅಂತಲೇ ಲೆಕ್ಕ” ಎಂದು ನಕ್ಕರು. ಆ ಒಂದು ತಾಸಿನಷ್ಟು ಲೋಕಾಡಳಿತ ನಮಗೆ ಬೇರೆಲ್ಲೂ ಸಿಗಲಿಲ್ಲ. ನಾವು ಕೊನೆಯ ವರ್ಷದಲ್ಲಿದ್ದಾಗ, 2005ರ ಅಕ್ಟೋಬರಿನಲ್ಲಿ, ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಗೆ ಬಂತು. ಟಿಪ್ಪಣಿ ಹಾಳೆ ಜನರಿಗೆ ಕೊಡಬೇಕೇ ಬೇಡವೇ ಎಂದು ದೆಹಲಿಯಲ್ಲಿ ಗುದ್ದಾಟ. ಕೊಡಬೇಕು ಎಂದು ಕೇಂದ್ರ ಮಾಹಿತಿ ಆಯೋಗ 2006ರ ಜನವರಿಯಲ್ಲಿ ಹೇಳಿದಾಗ ಸರ್ ಸಿಲೆಬಸ್ ಪಕ್ಕಕ್ಕಿಟ್ಟು ಅದನ್ನೇ ಪಾಠ ಮಾಡಿದರು. ಆದೇಶದಲ್ಲಿ ಇಲ್ಲದ ಕಾರಣ ಒಮ್ಮೊಮ್ಮೆ ಟಿಪ್ಪಣಿ ಹಾಳೆಯಲ್ಲಿ ಸಿಗುತ್ತದೆ ಎಂಬುದು ಅವರ ಉತ್ಸಾಹಕ್ಕೆ ಕಾರಣ.

ಕಕ್ಷಿದಾರರು ಆದೇಶ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಲಕೋಟೆಯನ್ನು. ಇದೂ ಸರ್ ಕೊಟ್ಟ ಅಭ್ಯಾಸ. ಕಲಂ 128ರ ಪ್ರಕಾರ ಆದೇಶ ತಲುಪಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಕೇಳುವ ಕಮಿಷನರ್ (ಅಪೀಲ್ಸ್) ಮುಂದೆ ಹೋಗಬೇಕು. ಸರಿಯಾದ ಕಾರಣ ತೋರಿಸಿದರೆ ಇನ್ನು 30 ದಿನ. ಅದೂ ದಾಟಿದರೆ ಮನ್ನಿಸುವ ಅಧಿಕಾರ ಅವರಿಗೂ ಇಲ್ಲ. ವಾದ ಎಷ್ಟೇ ಗಟ್ಟಿಯಿರಲಿ, ಲಕೋಟೆ ಕಸಕ್ಕೆ ಹೋಗಿ ಅಂಚೆ ಮೊಹರೂ ಇಲ್ಲವಾದರೆ ತಾರೀಖಿನ ಜಗಳವೇ ಒಂದು ಮೊಕದ್ದಮೆ.

ಈಗ ಕೆಲಸದ ರೀತಿಯೇ ಬದಲಾಗಿದೆ. 2020ರಿಂದ ಬಂದ ಮುಖರಹಿತ ಸುಂಕ ನಿರ್ಧಾರದಲ್ಲಿ ಮಾಲು ಪಣಂಬೂರಿನಲ್ಲಿದ್ದರೂ ಕಡತ ನೋಡುವ ಅಧಿಕಾರಿ ಬೇರೆಲ್ಲೋ ಕೂತಿರಬಹುದು. ಕಚೇರಿಯ ಬಾಗಿಲು ಕಾಯುವುದು ತಪ್ಪಿತು, ಒಳ್ಳೆಯದೇ. ಆದರೆ ಎದುರು ಕೂತು ‘ಸರ್, ಯಾಕೆ?’ ಎಂದು ಕೇಳುವ ದಾರಿಯೂ ಹೋಯಿತು. ಉಳಿದದ್ದು ಕಾಗದದ ಮೇಲೆ ಬರೆದ ಕಾರಣ ಒಂದೇ. ಆಮದುದಾರ ಹಾಕಿದ ಸುಂಕದ ಲೆಕ್ಕ ಒಪ್ಪದಿದ್ದರೆ 15 ದಿನದಲ್ಲಿ ಕಾರಣಸಹಿತ ಆದೇಶ ಕೊಡಬೇಕು ಎಂದು ಕಲಂ 17(5) ಹೇಳುತ್ತದೆ. ಇಲಾಖೆಯ ಲೆಕ್ಕವನ್ನು ಆಮದುದಾರನೇ ಬರೆದು ಒಪ್ಪಿಕೊಂಡರೆ ಬೇಡ. ಮಾಲು ಬೇಗ ಬಿಡಿಸಿಕೊಂಡರೆ ಸಾಕೆಂದು ಹಾಗೆ ಬರೆದುಕೊಟ್ಟು ಆಮೇಲೆ ನನ್ನ ಹತ್ತಿರ ಬರುವವರು ಬೇಕಾದಷ್ಟು.

ಕಾಲೇಜಿನ ಈಗಿನ ಮಕ್ಕಳಿಗೆ ಒಂದು ಮಾತು. ಹೆಸರುಗಳಿಗೆ ಮಸಿ ಬಳಿದ ಆದೇಶಗಳ ದೊಡ್ಡ ಕಟ್ಟೊಂದು ನನ್ನ ಆಫೀಸಿನಲ್ಲೂ ಇದೆ, ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಶನಿವಾರ ಮಧ್ಯಾಹ್ನದ ಮೇಲೆ ಕೋರ್ಟು ಕಚೇರಿಯ ಗಡಿಬಿಡಿ ಇರುವುದಿಲ್ಲ. ನಾಲ್ಕೈದು ಜನ ಒಟ್ಟಿಗೆ ಬನ್ನಿ, ಬರುವಾಗ ಪೆನ್ಸಿಲ್ ತನ್ನಿ.