‘ಮೋಸ ಹೋದೆ’ ಬೇರೆ, ‘ಮೋಸ ಮಾಡಿದ್ರು’ ಬೇರೆ: ಥ್ರಿಲ್ಲರ್ ಹಸ್ತಪ್ರತಿಗೆ ಓದುಗರ ಅಭಿಪ್ರಾಯ ತರಿಸುವ ಕೆಲಸ

ಪತ್ತೇದಾರಿ ಕಾದಂಬರಿ ಮುಗಿಸಿದವರ ಬಾಯಲ್ಲಿ ಎರಡು ಮಾತಲ್ಲಿ ಒಂದು ಬರುತ್ತದೆ. ‘ಅಯ್ಯೋ, ಮೋಸ ಹೋದೆ ನೋಡಿ’ ಅನ್ನುವುದು ಒಂದು, ‘ಮೋಸ ಮಾಡಿದ್ದಾರೆ ಬಿಡ್ರಿ’ ಅನ್ನುವುದು ಇನ್ನೊಂದು. ಕೇಳುವುದಕ್ಕೆ ಅಕ್ಕತಂಗಿಯರ ಹಾಗಿರುವ ಮಾತುಗಳು. ಮೊದಲನೆಯದನ್ನು ಹೇಳಿದವರು ಪುಸ್ತಕವನ್ನು ಪಕ್ಕದ ಮನೆಗೆ ಓದಲು ಕೊಡುತ್ತಾರೆ. ಎರಡನೆಯದನ್ನು ಹೇಳಿದವರು ಆ ಲೇಖಕರ ಮುಂದಿನ ಪುಸ್ತಕ ಮುಟ್ಟುವುದಿಲ್ಲ. ಅಚ್ಚಿಗೆ ಹೋಗುವ ಮುಂಚೆ ಹಸ್ತಪ್ರತಿಯನ್ನು ಓದುಗರ ಕೈಗೆ ಕೊಟ್ಟು ಅಭಿಪ್ರಾಯ ತರಿಸುವುದು ನಮ್ಮ ಕೆಲಸ. ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿನವರೆಗಿನ ಓದುಗರನ್ನು ನೆಚ್ಚಿಕೊಂಡು ಇದು ನಡೆಯುತ್ತದೆ. ‘ಮೋಸ ಹೋದೆ’ ಆಗಬೇಕಿದ್ದದ್ದು ‘ಮೋಸ ಮಾಡಿದ್ರು’ ಆದದ್ದು ಯಾವ ಪುಟದಲ್ಲಿ ಅಂತ ಪತ್ತೆ ಹಚ್ಚುವುದೇ ಇದರ ತಿರುಳು. ಓದುಗರು ಕೊಡುವ ತೀರ್ಪಿಗಿಂತ ಅವರು ತೋರಿಸುವ ಪುಟಸಂಖ್ಯೆಗೆ ಬೆಲೆ ಹೆಚ್ಚು.

ಪೂರ್ತಿ ಓದಿದ ಮೇಲೆ ‘ಹೇಗಿತ್ತು?’ ಅಂತ ಕೇಳಿದರೆ ಕೆಲಸ ಕೆಟ್ಟಂತೆಯೇ. ನಮ್ಮ ಕಡೆಯವರು ಮುಖ ನೋಡಿ ‘ಚೆನ್ನಾಗಿಲ್ಲ’ ಅನ್ನುವುದಿಲ್ಲ. ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಚೆನ್ನಾಗಿದೆ ಬಿಡಿ’ ಎಂಬ ಮೂರು ಉತ್ತರಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಕೆಟ್ಟ ಸುದ್ದಿ. ಆ ‘ಬಿಡಿ’ಯಲ್ಲಿ ಎಲ್ಲ ಇದೆ, ಅದರಿಂದ ತಿದ್ದಲು ಮಾತ್ರ ಏನೂ ಸಿಗುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ನೆನಪಿನದು. ಕೊನೆ ಗೊತ್ತಾದ ಮೇಲೆ ಎಲ್ಲರಿಗೂ ‘ನನಗೆ ಮೊದಲೇ ಅನುಮಾನ ಇತ್ತು’ ಅನ್ನಿಸುತ್ತದೆ. ಅವರೇನು ಸುಳ್ಳು ಹೇಳುತ್ತಿರುವುದಿಲ್ಲ, ಮನಸ್ಸು ಇರುವುದೇ ಹಾಗೆ. ಫಲಿತಾಂಶ ತಿಳಿದವರು ‘ಇದನ್ನು ಮೊದಲೇ ಊಹಿಸಬಹುದಿತ್ತು’ ಎಂದು ಅತಿಯಾಗಿ ನಂಬುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಬರೂಖ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಆದ್ದರಿಂದ ಅನುಮಾನವನ್ನು ಬಿಸಿಯಾಗಿರುವಾಗಲೇ ಬರೆಸಿಕೊಳ್ಳಬೇಕು.

ಅದಕ್ಕೆ ಹಸ್ತಪ್ರತಿಯನ್ನು ಒಟ್ಟಿಗೆ ಕೊಡದೆ ಕಟ್ಟುಗಳಾಗಿ ಒಡೆದು ಕೊಡುತ್ತೇವೆ. ಸುಮಾರು 200 ಪುಟದ ಕಾದಂಬರಿಯಾದರೆ ಐವತ್ತೈದು ಪುಟದ ಮೂರು ಕಟ್ಟು, ಉಳಿದ ಮೂವತ್ತೈದು ಪುಟದ್ದು ನಾಲ್ಕನೆಯದು. ಕೊಲೆಗಾರ ಯಾರೆಂದು ಬಯಲಾಗುವ ಭಾಗ ಪೂರ್ತಿ ನಾಲ್ಕನೆಯದರಲ್ಲೇ ಇರಬೇಕು. ಒಂದು ಕಟ್ಟು ಮತ್ತು ಓದುಗರು ತಮ್ಮ ಅನುಮಾನ ಬರೆದುಕೊಡುವ ಅದರ ಚೀಟಿ ವಾಪಸು ಬಂದ ಮೇಲೇ ಮುಂದಿನದು. ಅಧ್ಯಾಯ ಮುಗಿಯುವ ಕಡೆ ಕತ್ತರಿಸಬೇಡಿ, ಅಲ್ಲಿ ಲೇಖಕರು ಹೇಗೂ ಕೊಕ್ಕೆ ಹಾಕಿ ನಿಲ್ಲಿಸಿರುತ್ತಾರೆ. ಅಧ್ಯಾಯದ ನಡುವೆ, ಏನೂ ವಿಶೇಷ ನಡೆಯದ ಪುಟದಲ್ಲಿ ಕತ್ತರಿಸಿದರೂ ಓದುಗರು ‘ಮುಂದಿನ ಕಟ್ಟು ಯಾವಾಗ?’ ಅಂತ ಫೋನ್ ಮಾಡಿದರೆ ಆ ಕಥೆಗೆ ಜೀವ ಇದೆ ಅಂತ ಅರ್ಥ.

ಓದುಗರು ಒಂಬತ್ತು ಜನ ಸಾಕು. ಐದಕ್ಕಿಂತ ಕಡಿಮೆಯಾದರೆ ಒಬ್ಬರ ರುಚಿಯೇ ಎಲ್ಲರ ರುಚಿಯಾಗಿ ಕಾಣುತ್ತದೆ. ಹನ್ನೆರಡು ದಾಟಿದರೆ ಚೀಟಿ ಒಟ್ಟುಮಾಡುವುದರಲ್ಲೇ ತಿಂಗಳು ಕಳೆಯುತ್ತದೆ. ಒಂಬತ್ತರಲ್ಲಿ ಮೂವರು ಪತ್ತೇದಾರಿ ಕಾದಂಬರಿಗಳನ್ನೇ ಓದಿ ಬೆಳೆದವರು, ನಾಲ್ವರು ಸಿಕ್ಕಿದ್ದನ್ನೆಲ್ಲ ಓದುವವರು, ಇಬ್ಬರು ಕಥೆ ನಡೆಯುವ ಜಾಗವನ್ನು ಬಲ್ಲವರು. ಕಥೆ ಕಾಫಿ ತೋಟದ್ದಾದರೆ ತೋಟದ ಲೆಕ್ಕಪತ್ರ ನೋಡುವ ಒಬ್ಬ ರೈಟರ್ ಅಥವಾ ಮೇಸ್ತ್ರಿ ಬೇಕೇ ಬೇಕು, ಪೊಲೀಸರದ್ದಾದರೆ ಠಾಣೆಯ ಕಾಗದಪತ್ರ ಗೊತ್ತಿರುವ ಒಬ್ಬರು. ಲೇಖಕರ ನೆಂಟರು, ಗೆಳೆಯರು ಬೇಡ. ಅವರು ಕಥೆಯ ಬದಲು ಲೇಖಕರನ್ನು ಓದುತ್ತಾರೆ.

ಕಟ್ಟಿನ ಜೊತೆ ಒಂದು ಪೆನ್ಸಿಲ್. ಅಂಚಿನಲ್ಲಿ ಹಾಕಬೇಕಾದ ಗುರುತು ನಾಲ್ಕೇ: ಅನುಮಾನ ಬಂದ ಕಡೆ ‘ಅ’, ಹಿಂದಿನ ಪುಟ ತಿರುವಿ ನೋಡಿದ ಕಡೆ ‘ಹಿಂ’, ಬೇಸರವಾದ ಕಡೆ ‘ಬೇ’, ಓದು ನಿಲ್ಲಿಸಿ ಎದ್ದ ಕಡೆ ಒಂದು ಅಡ್ಡಗೆರೆ. ಐದನೆಯ ಗುರುತು ಸೇರಿಸಿದರೆ ಯಾರೂ ಯಾವುದನ್ನೂ ಹಾಕುವುದಿಲ್ಲ. ಇದರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅಡ್ಡಗೆರೆ. ‘ಕರೆಂಟ್ ಹೋಯ್ತು, ಅದಕ್ಕೆ ಎದ್ದೆ’ ಅಂತ ಒಬ್ಬರು ಹೇಳಬಹುದು. ಒಂಬತ್ತರಲ್ಲಿ ಐವರು 71ರಿಂದ 75ನೇ ಪುಟದ ಒಳಗೇ ಎದ್ದಿದ್ದರೆ ಕಾರಣ ಕರೆಂಟ್ ಅಲ್ಲ.

ಕಟ್ಟಿನ ಕೊನೆಯಲ್ಲಿ ಚೀಟಿ. ‘ಕೊಲೆಗಾರ ಯಾರಿರಬಹುದು?’ ಅಂತ ಒಂದೇ ಹೆಸರು ಕೇಳಬಾರದು. ಹತ್ತು ಅಂಕ ಕೊಟ್ಟು ಹಂಚಲು ಹೇಳಬೇಕು. ‘ಮ್ಯಾನೇಜರ್ 5, ತಂಗಿ 3, ಡಾಕ್ಟರ್ 1, ಇನ್ನೂ ಕಾಣಿಸಿಕೊಳ್ಳದವರು 1’ ಎಂದು ಬರೆದರೆ ಅನುಮಾನದ ತೂಕವೇ ಕೈಗೆ ಬಂದಂತೆ. ಆ ಕೊನೆಯ ಸಾಲನ್ನು ಚೀಟಿಯಲ್ಲಿ ಮೊದಲೇ ಅಚ್ಚು ಮಾಡಿಸಿಡಿ, ಎಲ್ಲಕ್ಕಿಂತ ಹೆಚ್ಚು ಹೇಳುವುದು ಅದೇ. ಎರಡನೇ ಕಟ್ಟಿನ ಹೊತ್ತಿಗೂ ‘ಕಾಣಿಸಿಕೊಳ್ಳದವರಿಗೆ’ ಮೂರು-ನಾಲ್ಕು ಅಂಕ ಬೀಳುತ್ತಿದ್ದರೆ ಓದುಗರಿಗೆ ಲೇಖಕರ ಮೇಲೆ ನಂಬಿಕೆ ಇಲ್ಲ, ಎಲ್ಲಿಂದಲೋ ಒಬ್ಬನನ್ನು ಕೊನೆಗೆ ಎಳೆದು ತರುತ್ತಾರೆ ಎಂದು ಎಣಿಸಿದ್ದಾರೆ. ಅಪರಾಧಿಯ ಪ್ರಸ್ತಾಪ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು ಎಂಬುದು ಪತ್ತೇದಾರಿ ಕಥೆಗಳಿಗೆಂದು 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪಟ್ಟಿ ಮಾಡಿದ ಹತ್ತು ನಿಯಮಗಳಲ್ಲಿ ಮೊದಲನೆಯದು. ಉಳಿದ ಒಂಬತ್ತರಲ್ಲಿ ಕೆಲವು ಹಳತಾಗಿವೆ, ಇದು ಹಳತಾಗಿಲ್ಲ.

ಚೀಟಿಗಳನ್ನು ಓದುವ ಲೆಕ್ಕ ಹೀಗಿದೆ. ಮೊದಲ ಕಟ್ಟಿನಲ್ಲೇ ಅರ್ಧಕ್ಕಿಂತ ಹೆಚ್ಚು ಜನ ನಿಜವಾದ ಕೊಲೆಗಾರನಿಗೆ ಐದಕ್ಕೂ ಮೇಲೆ ಕೊಟ್ಟಿದ್ದರೆ ಅವನನ್ನು ಮುಚ್ಚಿಡಲು ಆಗಿಲ್ಲ. ಮೂರನೇ ಕಟ್ಟು ಮುಗಿದರೂ ಒಂಬತ್ತೂ ಜನ ಅವನಿಗೆ ಸೊನ್ನೆ ಕೊಟ್ಟಿದ್ದರೆ ಲೇಖಕರು ಹಿಗ್ಗುತ್ತಾರೆ, ನಾವು ಹಿಗ್ಗಬಾರದು. ಸೊನ್ನೆ ಅಂದರೆ ಸುಳಿವೇ ಕೊಟ್ಟಿಲ್ಲ ಎಂದರ್ಥ, ‘ಮೋಸ ಮಾಡಿದ್ರು’ ಹುಟ್ಟುವುದೇ ಅಲ್ಲಿಂದ. ಎರಡನೇ ಕಟ್ಟಿನಲ್ಲಿ ಇಬ್ಬರು ಮೂವರು ಅವನಿಗೆ ಒಂದೋ ಎರಡೋ ಅಂಕ ಕೊಟ್ಟು, ಮೂರನೆಯದರಲ್ಲಿ ಅದನ್ನು ಅವರೇ ವಾಪಸು ತೆಗೆದುಕೊಂಡು ಬೇರೆಯವರಿಗೆ ಹಾಕಿದ್ದರೆ ತಿರುವು ಗಟ್ಟಿಯಾಗಿದೆ. ಕೊನೆ ಓದಿದಾಗ ಅವರೇ ‘ಛೆ, ಅಲ್ಲೇ ಇತ್ತಲ್ಲ! ಬಿಟ್ಟುಬಿಟ್ಟೆ’ ಅನ್ನುವವರು.

ಸುಳಿವನ್ನು ಕಣ್ಣೆದುರೇ ಇಟ್ಟು ಕಾಣದಂತೆ ಮಾಡುವುದು ಹೇಗೆ ಎನ್ನುವುದಕ್ಕೆ ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಮೂಡಿಗೆರೆ ಕಡೆಯ ಒಂದು ತೋಟದ ಮನೆ, ಜುಲೈ ತಿಂಗಳು, ಬಿಡದ ಮಳೆ. ಮನೆಯ ಭಾವ ‘ರಾತ್ರಿಯೆಲ್ಲ ನಾನು ಹೊರಗೆ ಕಾಲಿಟ್ಟಿಲ್ಲ’ ಎಂದಿದ್ದಾರೆ. ಅವರ ಕಂಬಳಿ ಮಾತ್ರ ಬೆಳಗ್ಗೆ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಗುತ್ತಿದೆ. ‘ಬಚ್ಚಲೊಲೆಯ ಮೇಲೆ ಭಾವನ ಕಂಬಳಿ ಒಣಗುತ್ತಿತ್ತು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.’ ಇದನ್ನೇ ಒಂದು ಪ್ಯಾರಾ ಮಾಡಿ ಅಲ್ಲಿಗೆ ನಿಲ್ಲಿಸಿದರೆ ಮಲೆನಾಡಿನ ಓದುಗರೆಲ್ಲ ಅಂಚಿನಲ್ಲಿ ‘ಅ’ ಹಾಕುತ್ತಾರೆ. ತೊಟ್ಟಿಕ್ಕುವ ನೀರನ್ನು ತೆಗೆಯಿರಿ. ಕಂಬಳಿಯನ್ನು ಪಟ್ಟಿಯ ನಡುವೆ ಸೇರಿಸಿ: ‘ಒಲೆಯ ಮೇಲೆ ಮಕ್ಕಳ ಯೂನಿಫಾರ್ಮು, ಭಾವನ ಕಂಬಳಿ, ಅಜ್ಜಿಯ ಎರಡು ಸೀರೆ, ಬಚ್ಚಲು ತುಂಬ ಹೊಗೆ ಮತ್ತು ಒದ್ದೆ ಬಟ್ಟೆಯ ವಾಸನೆ.’ ಮರುಸಾಲಿನಲ್ಲೇ ಹೊರಗೆ ನಾಯಿ ಬೊಗಳಲಿ, ಜೀಪು ಬಂದು ನಿಲ್ಲಲಿ. ಆಗ ಓದುಗರಿಗೆ ಮಳೆಗಾಲದ ಮನೆ ಕಾಣುತ್ತದೆ, ಸುಳಿವು ಕಾಣುವುದಿಲ್ಲ. ನೂರು ಪುಟದ ಮೇಲೆ ಅಜ್ಜಿ ಮಾತಿಗೆ ಮಾತು ಬಂದು ‘ಆ ಬೆಳಗ್ಗೆ ಕಂಬಳಿಯದ್ದೇ ನಾತ’ ಅಂದರೆ ಸಾಕು. ಇಡೀ ಕಾದಂಬರಿಯಲ್ಲಿ ಒಂದು ಸುಳಿವು ಎರಡು ಸಲ ಬರಲಿ. ಒಂದೇ ಸಲವಾದರೆ ಯಾರಿಗೂ ನೆನಪಿರುವುದಿಲ್ಲ, ಮೂರು ಸಲವಾದರೆ ಬೆರಳು ತೋರಿಸಿದ ಹಾಗಾಗುತ್ತದೆ.

ಜಾಗ ಬಲ್ಲ ಇಬ್ಬರು ಓದುಗರು ತರುವ ತಿದ್ದುಪಡಿಯೇ ಬೇರೆ ಜಾತಿಯದು. ಅದನ್ನು ಸಣ್ಣ ತಪ್ಪು ಅಂತ ಬದಿಗೆ ಸರಿಸಬಾರದು. ಒಂದು ಕಡೆ ಜಾಗದ ತಪ್ಪು ಸಿಕ್ಕಿದ ಕೂಡಲೇ ಓದುಗರು ಉಳಿದದ್ದನ್ನೂ ನಂಬುವುದು ಬಿಡುತ್ತಾರೆ. ಆಮೇಲೆ ನಿಜವಾದ ಸುಳಿವು ಬಂದರೂ ‘ಇದೂ ಲೇಖಕರ ತಪ್ಪೇ ಇರಬೇಕು’ ಅಂತ ದಾಟಿಹೋಗುತ್ತಾರೆ.

ಆಗಸ್ಟ್‌ನಲ್ಲಿ ಕಾಫಿ ಹೂವಿನ ಪರಿಮಳ ಬರೆಯುವವರಿದ್ದಾರೆ. ಕಾಫಿ ಅರಳುವುದು ಬೇಸಿಗೆಯ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ, ಕೆಲವೇ ದಿನದಲ್ಲಿ ಬಾಡಿಯೂ ಹೋಗುತ್ತದೆ. ಡಿಸೆಂಬರ್ ಸಂಜೆಯ ಅರೇಬಿಕಾ ತೋಟದಲ್ಲಿ ‘ಸೂಜಿ ಬಿದ್ದರೂ ಕೇಳುವ ಮೌನ’ ಎಂದರೆ ರೈಟರ್ ನಗುತ್ತಾರೆ: ಅವತ್ತು ಕೊಯ್ದ ಹಣ್ಣನ್ನು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವ ಹೊತ್ತು ಅದು, ಕಣದ ಕಡೆ ಲೈಟು, ಮೋಟರು, ಜನ. ಆಲೂರು-ಸಕಲೇಶಪುರದ ಕಡೆ ಕೊಲೆಗಾರ ರಾತ್ರಿ ಎರಡು ಗಂಟೆಗೆ ತೋಟದೊಳಗೆ ಮೂರು ಕಿಲೋಮೀಟರ್ ಒಬ್ಬನೇ ನಡೆದು ಹೋದ ಅಂದರೆ ಅಲ್ಲಿಯವರ ಮೊದಲ ಪ್ರಶ್ನೆ ‘ಆನೆ ಎಲ್ಲಿತ್ತು?’ ಕಾಫಿಗೆ ಕೀಟನಾಶಕ ಬೆರೆಸಿ ಕುಡಿಸಿದರು, ಕುಡಿದವರಿಗೆ ಗೊತ್ತೇ ಆಗಲಿಲ್ಲ ಎಂಬ ಕಥೆಯೂ ನಿಲ್ಲುವುದಿಲ್ಲ. ಆ ಡಬ್ಬಿ ಒಮ್ಮೆ ತೆರೆದವರಿಗೆ ಅದರ ಘಾಟು ಜನ್ಮಕ್ಕೂ ಮರೆಯದು.

ದಾರಿಯ ತಪ್ಪುಗಳೂ ಹೀಗೇ. ಹಾಸನದಿಂದ ಮಂಗಳೂರಿಗೆ ರೈಲಿನಲ್ಲಿ ಹೊರಟವನು ಸಕಲೇಶಪುರ ದಾಟಿದ ಮೇಲೆ ಮುಕ್ಕಾಲು ಗಂಟೆ ತಡೆಯಿಲ್ಲದೆ ಫೋನಿನಲ್ಲಿ ಮಾತಾಡಿದ, ಅದೇ ಅವನ ರಕ್ಷಣೆಯ ಸಾಕ್ಷಿ ಎಂದು ಕಥೆ ಕಟ್ಟಿದರೆ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯ 57 ಸುರಂಗ ಅದನ್ನು ಒಡೆದುಹಾಕುತ್ತವೆ. ಅದನ್ನೇ ತಿರುಗಿಸಿ ‘ತಡೆಯೇ ಇಲ್ಲದ ಕರೆ’ಯನ್ನು ಸುಳಿವು ಮಾಡಿದರೆ ಒಳ್ಳೆಯ ತಿರುವು. ಇಂಥ ಸಲಹೆ ಬರುವುದೂ ಆ ದಾರಿಯಲ್ಲಿ ಓಡಾಡುವ ಓದುಗರಿಂದಲೇ. ಮಳೆಗಾಲದಲ್ಲಿ ಚಾರ್ಮಾಡಿಯ ಮೇಲೆ ಕಾರು ಓಡಿಸುವ ಮುಂಚೆ ಆ ವರ್ಷ ರಸ್ತೆ ತೆರೆದಿತ್ತೇ ನೋಡಿ, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬಂದ್ ಆಗಿತ್ತು.

ಪೊಲೀಸ್ ಕಾಗದದಲ್ಲಿ ಈಗ ಹೆಚ್ಚು ಎಡವುವುದು ಕಾಯ್ದೆಯ ಸಂಖ್ಯೆಯಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಹಳೆಯ ಐಪಿಸಿಯ 302 ಹೋಗಿ 103(1) ಆಗಿದೆ. ಕಥೆಯ ಕೊಲೆ ಆ ದಿನಾಂಕಕ್ಕಿಂತ ಹಿಂದಿನದಾದರೆ 302 ಸರಿಯೇ, ಮುಂದಿನದಾದರೆ ತಪ್ಪು. ಶವ ಸಿಕ್ಕಿ ಕಾರಣ ಗೊತ್ತಿಲ್ಲದಾಗ ಮೊದಲು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಆಗುತ್ತದೆ. ಹಿಂದೆ ಅದು ಸಿಆರ್‌ಪಿಸಿ 174ರ ಕೆಳಗೆ ಬರುತ್ತಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 194. ಒಳಾಂಗಗಳ ಮಾದರಿ ಪ್ರಯೋಗಾಲಯಕ್ಕೆ ಹೋದ ಮರುದಿನವೇ ವರದಿ ಬರುವ ಕಾದಂಬರಿಗಳು ಬಹಳ. ಅಲ್ಲಿ ಠಾಣೆ ಬಲ್ಲ ಓದುಗರ ‘ಬೇ’ ಖಂಡಿತ. ಹೆಣ ಸೆಟೆದುಕೊಂಡ ಲೆಕ್ಕದಲ್ಲಿ ಸಾವಿನ ಹೊತ್ತನ್ನು ನಿಮಿಷಕ್ಕೆ ಹೇಳುವ ಡಾಕ್ಟರ್ ಕೂಡ ಬೇಡ. ಜನವರಿಯ ಬಾಬಾಬುಡನ್‌ಗಿರಿಯ ಚಳಿಯಲ್ಲಿ ಸೆಟೆದುಕೊಳ್ಳುವುದೂ ತಡ, ಸಡಿಲವಾಗುವುದೂ ತಡ. ಹಾಗಾಗಿ ‘ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ’ ಅನ್ನುವುದೇ ಸರಿ, ಕಥೆಗೂ ಅದೇ ಅನುಕೂಲ.

ಇನ್ನು ಓದುಗರ ಮಾತನ್ನು ಹಾಗೇ ನಂಬದೆ ಬಿಡಿಸಿ ನೋಡಬೇಕಾದ ಕಡೆಗಳಿವೆ. ‘ಎಳೆದಿದ್ದಾರೆ’ ಎಂದ ಪುಟಕ್ಕೆ ಹೋಗಿ ನೋಡಿದರೆ ಎಷ್ಟೋ ಸಲ ಅಲ್ಲಿ ಕಥೆ ನಿಧಾನವಾಗಿರುವುದಿಲ್ಲ, ಎರಡು ಪುಟದಲ್ಲಿ ಆರು ಹೊಸ ಹೆಸರು ಬಂದಿರುತ್ತವೆ. ರಮೇಶ, ರಾಜೇಶ, ರವಿ ಒಂದೇ ಮನೆಯಲ್ಲಿದ್ದರಂತೂ ಅಂಚಿನ ತುಂಬ ‘ಹಿಂ’. ಮೊದಲಕ್ಷರ ಬದಲಿಸಿದರೆ ಅರ್ಧ ಬೇಸರ ಹೋಗುತ್ತದೆ, ಒಂದು ಸಾಲೂ ಕತ್ತರಿಸಬೇಕಿಲ್ಲ. ‘ಕೊನೆಗೆ ಅವಸರ ಮಾಡಿದರು’ ಎಂಬುದೂ ಹಾಗೇ. ಕೊನೆ ಚಿಕ್ಕದಾಗಿದೆ ಎಂದುಕೊಂಡು ಲೇಖಕರು ಇನ್ನೂ ಹತ್ತು ಪುಟ ಬೆಳೆಸುತ್ತಾರೆ, ದೂರು ಇನ್ನೂ ಹೆಚ್ಚುತ್ತದೆ. ನಿಜವಾದ ಕಾಯಿಲೆ ಎಂದರೆ ಇನ್ಸ್‌ಪೆಕ್ಟರ್ ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ ಹದಿನೈದು ಪುಟ ವಿವರಿಸುತ್ತಿರುವುದು. ಅದರಲ್ಲಿ ಮೂರರಲ್ಲಿ ಎರಡು ಪಾಲನ್ನು ಮೂರನೇ ಕಟ್ಟಿಗೆ, ಘಟನೆಗಳ ರೂಪದಲ್ಲಿ, ಹಿಂದಕ್ಕೆ ಸಾಗಿಸಬೇಕು. ‘ನನಗೆ ಗೊತ್ತಾಗಿಬಿಟ್ಟಿತು’ ಎಂದವರ ಚೀಟಿ ತೆಗೆದು ನೋಡಿ. ಅಂಕ ಅವರ ಮಾತಿಗೆ ಹೊಂದಿದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಹೊಂದಿದಾಗಲೂ ಕಥೆ ಕೆಟ್ಟಿತು ಅಂತ ಲೇಖಕರು ಕಂಗೆಡಬೇಕಿಲ್ಲ. ಲೀವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೊನೆಯನ್ನು ಮೊದಲೇ ತಿಳಿದು ಸಣ್ಣಕಥೆ ಓದಿದವರು, ತಿಳಿಯದೆ ಓದಿದವರಿಗಿಂತ ತುಸು ಹೆಚ್ಚೇ ಮೆಚ್ಚಿದ್ದರು. ಗೊತ್ತಾದ ಮೇಲೂ ಅಡ್ಡಗೆರೆ ಹಾಕದೆ ಓದಿದರೇ ಎಂಬುದನ್ನು ನೋಡಿ.

ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ನಾಲ್ಕನೇ ಕಟ್ಟಿನ ಚೀಟಿಯೂ ಕೈಗೆ ಬಂದ ಮೇಲೆ, ಒಂದು ದಿನವೂ ಮುಂಚೆ ಅಲ್ಲ. ನಡುವೆ ವಾಟ್ಸ್ಆ್ಯಪ್ ಗುಂಪು ಮಾಡಲೇಬಾರದು. ಗಟ್ಟಿಯಾಗಿ ಮಾತಾಡುವವರು ಒಬ್ಬರು ‘ಡಾಕ್ಟರೇ ಕಣ್ರೀ’ ಅಂದರೆ ಉಳಿದವರ ಅಂಕವೆಲ್ಲ ಡಾಕ್ಟರ್ ಕಡೆ ವಾಲುತ್ತದೆ. ಭಾನುವಾರ ಬೆಳಗ್ಗೆ ಎರಡು ಗಂಟೆ ಸಾಕು. ಲೇಖಕರು ಬರಬಹುದು, ಆದರೆ ಮೊದಲ ಒಂದೂವರೆ ಗಂಟೆ ಬಾಯಿ ತೆರೆಯುವಂತಿಲ್ಲ. ಅವರು ‘ಅದು ಹಾಗಲ್ಲ, ನಾನು ಹೇಳಿದ್ದು…’ ಎಂದು ಶುರು ಮಾಡಿದರೆ ಓದುಗರು ಸಂಕೋಚಪಟ್ಟು ‘ಹೌದೌದು, ಚೆನ್ನಾಗಿದೆ’ಗೆ ವಾಪಸಾಗುತ್ತಾರೆ.

ತಿದ್ದಿದ ಪ್ರತಿಯನ್ನು ಅದೇ ಒಂಬತ್ತು ಜನಕ್ಕೆ ಕೊಟ್ಟು ಉಪಯೋಗವಿಲ್ಲ, ಅವರಿಗೆ ಕೊಲೆಗಾರ ಗೊತ್ತು. ಕಥೆ ಕೇಳಿಯೇ ಇರದ ಮೂವರು ಹೊಸಬರು ಬೇಕು. ಕಟ್ಟು, ಪೆನ್ಸಿಲ್, ಚೀಟಿ ಎಲ್ಲ ಹಾಗೇ. ಹಳೆಯ ಗುರುತುಗಳನ್ನು ರಬ್ಬರಿನಿಂದ ಅಳಿಸಿದ ಪ್ರತಿ ಕೊಡಬೇಡಿ, ಕಾಗದದ ಮೇಲೆ ‘ಅ’ದ ಅಚ್ಚು ಉಳಿದಿರುತ್ತದೆ. ಹೊಸದಾಗಿ ಜೆರಾಕ್ಸ್ ಮಾಡಿಸಿ.