ಅಜ್ಜಿಯ ಒಂದು ಪದ

ಹೊಸ ಕೆಲಸಕ್ಕೆ ಅಂತ ನಿನ್ನೆ ಒಂದು ಪರ್ಸನಾಲಿಟಿ ಟೆಸ್ಟ್ ತುಂಬಿದೆ. 'ಹೊಸಬರ ಜೊತೆ ಬೇಗ ಬೆರೆಯುತ್ತೇನೆ.' ಒಂದು ಅಂದ್ರೆ ಒಪ್ಪಲ್ಲ, ಐದು ಅಂದ್ರೆ ಪೂರ್ತಿ ಒಪ್ತೀನಿ; ಒಂದರಿಂದ ಐದರೊಳಗೆ ಒಂದು ಅಂಕಿ ಒತ್ತಬೇಕು. ಮೂರರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ. 'ನೀನಾ? ಗುಮ್ಮನಗುಸುಕಿ. ಆದ್ರೆ ಹಚ್ಚಿಕೊಂಡ್ರೆ ಬಿಡಲ್ಲ' ಅಂದರು.

ಈ ಟೆಸ್ಟ್‌ಗಳ ಬೇರು ಇಂಥ ಮಾತಿನಲ್ಲೇ ಇದೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರ ಸ್ವಭಾವ ಹೇಳುವ ಸುಮಾರು 18,000 ಪದ ಹೆಕ್ಕಿದರು. ಮುಂದೆ ಬಂದವರು ಒಟ್ಟೊಟ್ಟಿಗೆ ಕಾಣುವ ಗುಣಗಳನ್ನು ಗುಂಪು ಮಾಡುತ್ತಾ ಹೋಗಿ ಐದಕ್ಕೆ ತಂದು ನಿಲ್ಲಿಸಿದರು. ಸ್ವಭಾವದ ಆ ಐದು ದೊಡ್ಡ ಗುಂಪುಗಳೇ 'ಬಿಗ್ ಫೈವ್'. ಎಂಥ ತಾಳ್ಮೆಯ ಕೆಲಸ ಅಲ್ವಾ? ಜನ ಒಬ್ಬರನ್ನೊಬ್ಬರು ನೋಡಿ ನೋಡಿ ಕಟ್ಟಿದ ಪದಗಳನ್ನು ಅವರು ನಂಬಿದರಲ್ಲ, ಅದು ನನಗೆ ಜಾಸ್ತಿ ಇಷ್ಟ.

ನಮ್ಮಲ್ಲೂ ಎಷ್ಟಿವೆ! ಮುಂಗೋಪಿ, ಹಠಮಾರಿ, ಪುಕ್ಕಲ, ಬಾಯಿಬಡುಕ. ಗುಮ್ಮನಗುಸುಕಿಗೆ 'ಇಂಟ್ರೋವರ್ಟ್' ಅಂದರೆ ಸಾಲದು. ಒಳಗೇ ಏನೋ ಇಟ್ಟುಕೊಂಡಿರುವ ಆ ಗುಟ್ಟು ಅದರಲ್ಲಿ ಬರಲ್ಲ.

ಕೊನೆಗೆ ಎರಡು ಒತ್ತಿದೆ. ಅಜ್ಜಿಯ ಎರಡನೇ ಮಾತಿಗೆ ಅಲ್ಲಿ ಪ್ರಶ್ನೆಯೇ ಇರಲಿಲ್ಲ.