ಸವೆದ ಕಾಲರಿನ ಸಂಕೋಚ

ಬೆಳಿಗ್ಗೆ ಏಳೂವರೆಗೆ ಕನ್ನಡಿಯ ಮುಂದೆ ನಿಂತು, ತಿಳಿನೀಲಿ ಅಂಗಿಯ ಕಾಲರಿನ ತುದಿಯಲ್ಲಿರುವ ಎರಡು ಪುಟ್ಟ ಗುಂಡಿಗಳನ್ನು ಹಾಕಿಕೊಂಡು, ಖಾಕಿ ಪ್ಯಾಂಟಿನ ಮೇಲೆ ಕಡುನೀಲಿ ಬ್ಲೇಜರ್ ತೊಟ್ಟ ಮೇಲೂ ಹೊಸಿಲು ದಾಟುವುದಕ್ಕೆ ನನಗೆ ಐದು ನಿಮಿಷ ಬೇಕಾಗುತ್ತದೆ. ಆ ಐದು ನಿಮಿಷಗಳಲ್ಲಿ ಬ್ಲೇಜರನ್ನು ಬಿಚ್ಚಿ ಸ್ವೆಟರ್ ಹಾಕಿ ನೋಡುತ್ತೇನೆ, ಸ್ವೆಟರನ್ನು ಬಿಚ್ಚಿ ಮತ್ತೆ ಬ್ಲೇಜರನ್ನೇ ತೊಡುತ್ತೇನೆ, ಟೈ ಕಟ್ಟಿ ಬಿಚ್ಚುತ್ತೇನೆ. ಧಾರೆಗೆ ಹೊರಟ ಮದುಮಗನಿಗೂ ಇಷ್ಟು ಹೊತ್ತು ಬೇಡ ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಾಳೆ. ನಲವತ್ತಾರನೆಯ ವಯಸ್ಸಿನಲ್ಲಿ, ಹದಿನಾಲ್ಕು ವರ್ಷಗಳಿಂದ ಬಾಸ್ಟನ್ನಿನ ಹತ್ತಿರ ವಾಸವಾಗಿರುವ ನಾನು, ಈ ಊರಿನಲ್ಲೇ ಬೆಳೆದ ಒಂದು ಉಡುಗೆಯನ್ನು ತೊಡುವುದಕ್ಕೆ ಯಾಕಿಷ್ಟು ಹಿಂಜರಿಯುತ್ತೇನೆ ಎಂಬುದನ್ನು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ.

ಇದನ್ನು ಇಲ್ಲಿಯವರು ಐವಿ ಶೈಲಿ ಎನ್ನುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನಂಥ ಹಳೆಯ ವಿಶ್ವವಿದ್ಯಾಲಯಗಳ ಹುಡುಗರು ಕಳೆದ ಶತಮಾನದ ನಡುಭಾಗದಲ್ಲಿ ತೊಡುತ್ತಿದ್ದ ಬಟ್ಟೆಗಳಿವು: ಭುಜಕ್ಕೆ ಹತ್ತಿಯ ಪ್ಯಾಡು ತುಂಬದ, ಸೊಂಟದಲ್ಲಿ ಬಿಗಿ ಹಿಡಿಯದ, ಸ್ವಲ್ಪ ಚೀಲದಂತೆಯೇ ಜೋತುಬೀಳುವ ಕೋಟು; ದಪ್ಪ ನೇಯ್ಗೆಯ ಆಕ್ಸ್‌ಫರ್ಡ್ ಬಟ್ಟೆಯ ಅಂಗಿ; ಪಟ್ಟೆಪಟ್ಟೆಯ ಟೈ; ಲೇಸಿಲ್ಲದೆ ಕಾಲು ತೂರಿಸುವ ಲೋಫರ್. ಆ ಲೋಫರ್ ಎಂಬ ಶಬ್ದವೇ ನಮ್ಮ ಮನೆಯಲ್ಲಿ ಒಂದು ಪ್ರಕರಣವಾಯಿತು. 1936ರಿಂದಲೂ ಮೇನ್ ರಾಜ್ಯದಲ್ಲಿ ಹುಟ್ಟಿದ ಬಾಸ್ ಕಂಪನಿ ಇದನ್ನು ಮಾಡುತ್ತಿದೆ ಎಂದೆಲ್ಲ ವಿವರಿಸಿ, ಲೋಫರ್ ಕೊಂಡುಕೊಂಡೆ ಎಂದು ಅಮ್ಮನಿಗೆ ಫೋನಿನಲ್ಲಿ ಸಂಭ್ರಮದಿಂದ ತಿಳಿಸಿದಾಗ, ಅವಳು ಒಂದು ಕ್ಷಣ ಸುಮ್ಮನಿದ್ದು, "ಅಪ್ಪ ಮಕ್ಕಳಿಗೆ ಬೈಯುತ್ತಿದ್ದ ಶಬ್ದ ಅದು, ಈಗ ನೀನು ದುಡ್ಡು ಕೊಟ್ಟು ತಂದೆಯಾ?" ಎಂದಳು.

ನನ್ನ ಕಚೇರಿ ಇರುವುದು ಬಾಸ್ಟನ್ನಿನ ಪಕ್ಕದ ಕೇಂಬ್ರಿಜ್‌ನ ಕೆಂಡಲ್ ಸ್ಕ್ವೇರಿನಲ್ಲಿ. ಸಾಫ್ಟ್‌ವೇರಿನವರೂ ಔಷಧ ಸಂಶೋಧನೆಯವರೂ ತುಂಬಿರುವ ಈ ಪ್ರದೇಶದಲ್ಲಿ ಕಂಪನಿಯ ಲಾಂಛನವಿರುವ ಫ್ಲೀಸ್ ಜಾಕೆಟ್ಟು, ಹೂಡಿ, ಓಟದ ಬೂಟು, ಇಷ್ಟೇ ಎಲ್ಲರ ಸಮವಸ್ತ್ರ. ಅಲ್ಲಿ ಬ್ಲೇಜರ್ ತೊಟ್ಟು ಹೋದ ಮೊದಲ ವಾರದಲ್ಲಿ ಮೂವರು ಬೇರೆ ಬೇರೆಯಾಗಿ ನನ್ನನ್ನು ಎಲ್ಲಿಗೆ ಇಂಟರ್‌ವ್ಯೂಗೆ ಹೋಗುತ್ತಿದ್ದೀಯ ಎಂದು ಕೇಳಿದರು. ನಾಲ್ಕನೆಯವರಾದ ನನ್ನ ಮ್ಯಾನೇಜರ್ ಕೇಳಲಿಲ್ಲ, ಬದಲಾಗಿ ಸಂಬಳದಲ್ಲೇನಾದರೂ ಅಸಮಾಧಾನವಿದೆಯೇ ಎಂದು ವಿಚಾರಿಸಿದರು. (ಇದ್ದದ್ದನ್ನು ಹೇಳಿದೆ, ಪ್ರಯೋಜನವೇನೂ ಆಗಲಿಲ್ಲ.) ಆದರೆ ಇಂಥ ಕೀಟಲೆಗಳಿಂದ ನನಗೆ ನಾಚಿಕೆಯಾದದ್ದಿಲ್ಲ. ಹತ್ತು ಮಂದಿಗಿಂತ ಬೇರೆಯಾಗಿ ಕಾಣಿಸಿದರೆ ಹತ್ತು ಮಾತು ಕೇಳಬೇಕಾಗುತ್ತದೆ, ಅದು ಎಲ್ಲ ಊರಿನಲ್ಲೂ ಇರುವುದೇ.

ಮೈ ಹಿಡಿಯಾಗಿಸಿದ ನಾಚಿಕೆ ಬೇರೆ ಕಡೆಯಿಂದ ಬಂತು. ಕೆಂಡಲಿನಿಂದ ಕೆಂಪು ಮಾರ್ಗದ ರೈಲಿನಲ್ಲಿ ಎರಡು ನಿಲ್ದಾಣ ಹೋದರೆ ಹಾರ್ವರ್ಡ್ ಸ್ಕ್ವೇರ್. ಮೇ ತಿಂಗಳ ಕೊನೆಯ ಒಂದು ದಿನ, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದ ಹೊತ್ತಿನಲ್ಲಿ, ಅಲ್ಲಿಯ ಕಾಫಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಹಿಂದಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ಕೋಟನ್ನು ಮೇಲಿಂದ ಕೆಳಗೆ ಮೆಚ್ಚಿಗೆಯಿಂದ ನೋಡಿ, ನಿಮ್ಮದು ಯಾವ ವರ್ಷದ ತಂಡ ಎಂದು ಕೇಳಿದರು. ನಾನು ಓದಿದ್ದು ದಕ್ಷಿಣ ಕನ್ನಡದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅದೂ ಮೂರನೆಯ ಪಟ್ಟಿಯಲ್ಲಿ ಸಿಕ್ಕಿದ ಸೀಟಿನಿಂದ. ಅದನ್ನು ಹೇಳುವುದಕ್ಕೆ ಅವಮಾನವೇನೂ ಇರಲಿಲ್ಲ, ಹೇಳಿದೆ ಕೂಡ. ಅವರು ನಕ್ಕು, ಕೋಟು ಮಾತ್ರ ಬಹಳ ಚೆನ್ನಾಗಿದೆ ಎಂದು ಸೌಜನ್ಯದಿಂದಲೇ ಮಾತು ಮುಗಿಸಿದರು. ಆದರೂ ಟಿಕೆಟಿಲ್ಲದೆ ಬಸ್ಸಿನಲ್ಲಿ ಕುಳಿತವನು ಕಂಡಕ್ಟರನ್ನು ಕಂಡಾಗ ಹೇಗೆ ಮುದುಡುತ್ತಾನೋ ಹಾಗೆ ನಾನು ಮುದುಡಿದೆ. ಅಂದಿನಿಂದ ಕಡುಗೆಂಪು ಟೈ ಕಟ್ಟುವುದನ್ನು ಬಿಟ್ಟೆ, ಏಕೆಂದರೆ ಅದು ಹಾರ್ವರ್ಡಿನ ಬಣ್ಣ. ವಿಚಿತ್ರವೆಂದರೆ ಇಂಗ್ಲೆಂಡಿನಲ್ಲಿ ಪಟ್ಟೆಯ ಟೈ ಎಂಬುದು ಇಂಥ ರೆಜಿಮೆಂಟಿನವನು, ಇಂಥ ಶಾಲೆಯವನು ಎಂಬ ಗುರುತು. ಅದನ್ನು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಅಂಗಡಿಯವರು ಪಟ್ಟೆಗಳ ಓರೆಯನ್ನು ಎದುರು ದಿಕ್ಕಿಗೆ ತಿರುಗಿಸಿ, ಯಾವ ಗುಂಪಿಗೂ ಸೇರದವನೂ ಕಟ್ಟಿಕೊಳ್ಳಬಹುದಾದ ಟೈಯನ್ನಾಗಿ ಮಾಡಿದರು. ಅಂದರೆ ನನ್ನಂಥವರಿಗಾಗಿಯೇ ಆ ಟೈ ಹುಟ್ಟಿದೆ. ಇದು ಗೊತ್ತಿದ್ದೂ ಕೈ ಮುಂದೆ ಹೋಗುವುದಿಲ್ಲ.

ಹಿರಿಯರು ಮೆಚ್ಚಿದ ಆ ಕೋಟಿನ ಕಥೆಯನ್ನೂ ಹೇಳಬೇಕು. ಅದು ಹೊಸದಲ್ಲ. ಬಳಸಿದ ಬಟ್ಟೆಗಳನ್ನು ಮಾರುವ ಅಂಗಡಿಯೊಂದರಲ್ಲಿ ನಲವತ್ತು ಡಾಲರಿಗೆ ಸಿಕ್ಕಿದ, ಯೇಲ್ ಇರುವ ನ್ಯೂ ಹೇವನ್ನಿನ ಜೆ. ಪ್ರೆಸ್ ಅಂಗಡಿಯಲ್ಲಿ ಹೊಲಿದ ಬೂದುಬಣ್ಣದ ಉಣ್ಣೆಯ ಕೋಟು. ಒಳಜೇಬಿನ ಚೀಟಿಯಲ್ಲಿ ಅದನ್ನು ಹೊಲಿಸಿಕೊಂಡವರ ಹೆಸರೂ 1974 ಎಂಬ ವರ್ಷವೂ ಟೈಪಾಗಿವೆ. ಅಂಗಡಿಯಾಕೆ ಇದು ಒಂದು ಮನೆಯನ್ನು ಖಾಲಿ ಮಾಡುವಾಗ ಬಂದದ್ದು ಎಂದಳು, ಅಂದರೆ ಯಜಮಾನರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಐವತ್ತು ವರ್ಷ ಕಳೆದರೂ ಹೊಲಿಗೆ ಬಿಡದ ಆ ಕೋಟು ನನ್ನ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮನೆಗೆ ತಂದು ಬೀರುವಿನಲ್ಲಿ ತೂಗುಹಾಕಿದ ಮೇಲೆ, ಮೂರು ವಾರ ಅದನ್ನು ತೊಡಲಿಲ್ಲ. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದ, ಹಾಸಿಗೆ ಚಾಪೆಗಳನ್ನು ಸುಟ್ಟೋ ದಾನ ಮಾಡಿಯೋ ಮುಗಿಸುವ ಮನೆತನದವನು ನಾನು. ಆರು ತಿಂಗಳು ಇಲ್ಲಿ ಇರಲು ಬಂದಿದ್ದ ಅಮ್ಮನಿಗೆ ಹೇಳದೆ ಮುಚ್ಚಿಟ್ಟಿದ್ದೆ. ಒಂದು ದಿನ ಬೀರು ಜೋಡಿಸುತ್ತಿದ್ದವಳು ಒಳಜೇಬಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ, ಇದು ಯಾರದ್ದು ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ಕೋಟನ್ನು ಬಾಲ್ಕನಿಯಲ್ಲಿ ಎರಡು ದಿನ ಬಿಸಿಲಿಗೆ ಹಾಕಿ, ಅರಸಿನದ ನೀರನ್ನು ಬೆರಳ ತುದಿಯಿಂದ ಸಿಂಪಡಿಸಿ, "ಪಾಪ, ಯಾರೋ ಪುಣ್ಯಾತ್ಮ, ಜಾಗ್ರತೆಯಲ್ಲಿ ಇಟ್ಟುಕೊಂಡಿದ್ದಾನೆ" ಎಂದು ತಂದು ಕೊಟ್ಟಳು. ಅವಳ ಮನಸ್ಸಿನಲ್ಲಿ ಉಳಿದದ್ದು ಮೈಲಿಗೆಯ ಪ್ರಶ್ನೆಗಿಂತ ಬೇರೊಂದು: "ನಾಲ್ಕು ಜನರಿಗೆ ಗೊತ್ತಾದರೆ, ಮಗನಿಗೆ ಅಮೆರಿಕದಲ್ಲಿ ಹೊಸ ಬಟ್ಟೆಗೂ ಗತಿ ಇಲ್ಲ ಅಂತ ತಿಳಿದುಕೊಳ್ಳುವುದಿಲ್ಲವಾ?"

ಆ ಮಾತಿನಲ್ಲೇ ನನ್ನ ಹಿಂಜರಿಕೆಯ ಬೇರು ಇದೆಯೆಂದು ಈಗ ಅನ್ನಿಸುತ್ತದೆ. ಈ ಶೈಲಿಯ ಜೀವ ಇರುವುದು ಅಲಕ್ಷ್ಯದಲ್ಲಿ. ಬಾಸ್ಟನ್ನಿನ ಹಳೆಯ ಸಿರಿವಂತ ಮನೆತನಗಳವರು ಅಂಚು ಸವೆದು ನೂಲು ಕಾಣುವ ಕಾಲರನ್ನೂ, ಬಿರುಕುಬಿಟ್ಟ ಬೂಟನ್ನೂ, ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟನ್ನೂ ಹೆಮ್ಮೆಯಿಂದಲೇ ತೊಡುತ್ತಿದ್ದರು. ಹೊಸದಾಗಿ ಹೊಳೆಯುವುದೇ ಅವರ ಕಣ್ಣಿಗೆ ಸ್ವಲ್ಪ ಕೀಳು ಅಭಿರುಚಿ. ಪ್ಯಾಂಟು ಪಾದದ ಗಂಟಿನಿಂದ ಮೇಲಕ್ಕಿರಬೇಕು, ಲೋಫರಿನೊಳಗೆ ಕಾಲುಚೀಲ ಇರದಿದ್ದರೆ ಇನ್ನೂ ಒಳ್ಳೆಯದು. ಪುತ್ತೂರಿನ ಹತ್ತಿರದ ಶಾಲಾ ಮಾಸ್ತರರ ಮನೆಯಲ್ಲಿ ಬೆಳೆದ ನನಗೆ ಇವೆಲ್ಲ ಒಂದೊಂದೂ ಮುಚ್ಚಿಡಬೇಕಾದ ಸಂಗತಿಗಳಾಗಿದ್ದವು. ಅಪ್ಪನ ಬಳಿ ಮೂರು ಬಿಳಿ ಅಂಗಿಗಳಿದ್ದವು; ಕಾಲರ್ ಸವೆದರೆ ಪೇಟೆಯ ದರ್ಜಿಯ ಹತ್ತಿರ ಕೊಟ್ಟು, ಹೊಲಿಗೆ ಬಿಚ್ಚಿಸಿ, ಕಾಲರನ್ನು ಮಗುಚಿ ಹೊಲಿಸಿಕೊಳ್ಳುತ್ತಿದ್ದರು. ಸವೆದ ಭಾಗ ಮಡಿಕೆಯ ಅಡಿಗೆ ಹೋಗಿ, ಅಂಗಿ ಇನ್ನೂ ಎರಡು ವರ್ಷ ತರಗತಿಗೆ ಹೋಗುತ್ತಿತ್ತು. ಎಂಟನೆಯ ತರಗತಿಯಲ್ಲಿ ನಾನು ಒಮ್ಮೆಲೇ ಎತ್ತರವಾಗಿ ಪ್ಯಾಂಟು ಗಿಡ್ಡವಾದಾಗ, "ಎಂತ ಮಾರಾಯ, ನಿಮ್ಮ ಮನೆ ಹತ್ತಿರ ನೆರೆ ಬಂದಿದೆಯಾ?" ಎಂದು ಕೇಳದ ಸಹಪಾಠಿ ಇರಲಿಲ್ಲ, ಅಮ್ಮ ರಾತ್ರಿ ಕೂತು ಕೆಳಗಿನ ಮಡಿಕೆ ಬಿಚ್ಚಿ ಎರಡು ಇಂಚು ಉದ್ದ ಮಾಡಿದರೂ, ಹಳೆಯ ಮಡಿಕೆಯ ಗೆರೆ ಮಾತ್ರ ಒಗೆದಷ್ಟೂ ಹೋಗಲಿಲ್ಲ. ಈಗ ಅದೇ ಗಿಡ್ಡ ಪ್ಯಾಂಟಿಗಾಗಿ ಇಲ್ಲಿಯ ದರ್ಜಿಗೆ ಹದಿನೆಂಟು ಡಾಲರ್ ಕೊಟ್ಟು ಕತ್ತರಿಸಿಕೊಂಡು ಬರುತ್ತೇನೆ. ಸವೆದ ಕಾಲರನ್ನು ಧೈರ್ಯವಾಗಿ ತೋರಿಸಲು ಅಂಗಿಗಿಂತ ಹೆಚ್ಚಾಗಿ ಬೇಕಾದದ್ದು, ನನ್ನನ್ನು ಯಾರೂ ಬಡವನೆಂದು ತಿಳಿಯಲಾರರು ಎಂಬ ಮೂರು ತಲೆಮಾರಿನ ನಂಬಿಕೆ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದಲೇ ನಾನು ಹಳೆಯ ಅಂಗಿಯನ್ನು ಗರಿಗರಿಯಾಗಿ ಇಸ್ತ್ರಿ ಮಾಡುತ್ತೇನೆ. ಇಸ್ತ್ರಿ ಮಾಡಬಾರದು, ಸುಕ್ಕೇ ಅದರ ಸೊಗಸು ಎಂದು ಬಲ್ಲವರು ಹೇಳಿದರೂ ಕೇಳುವುದಿಲ್ಲ. ಸುಕ್ಕು ಬಟ್ಟೆಯಲ್ಲಿ ಮನೆಯಿಂದ ಹೊರಗೆ ಕಾಲಿಡುವುದು ನನ್ನಿಂದಾಗದು.

ಹಾಗೆ ನೋಡಿದರೆ ಈ ಬಟ್ಟೆಗಳ ಅರ್ಧಪಾಲು ನಮ್ಮ ಕಡೆಯಿಂದಲೇ ಹೋದವು. ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲಿಹು ಯೇಲ್ 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದವನು. ಗುಲಾಮರ ಸಾಗಣೆಯ ಕಳಂಕವೂ ಅವನ ಆಡಳಿತಕ್ಕಿದೆ. 1718ರಲ್ಲಿ ಅವನು ಕನೆಕ್ಟಿಕಟ್ಟಿನ ಬಡ ಕಾಲೇಜೊಂದಕ್ಕೆ ಕಳುಹಿಸಿದ ದಾನದಲ್ಲಿ 417 ಪುಸ್ತಕಗಳೂ ಒಂದನೆಯ ಜಾರ್ಜ್ ದೊರೆಯ ಚಿತ್ರವೂ ಒಂಬತ್ತು ಮೂಟೆ ಸರಕೂ ಇದ್ದವು. ಬಟ್ಟೆಬರೆಯೇ ಮುಖ್ಯವಾಗಿದ್ದ ಆ ಸರಕನ್ನು ಮಾರಿ ಬಂದ ಹಣದಿಂದ ಕಾಲೇಜು ಚೇತರಿಸಿಕೊಂಡಿತು. ಬೇಸಿಗೆಯಲ್ಲಿ ತೊಡುವ ಉಬ್ಬುತಗ್ಗಿನ ಸೀರ್‌ಸಕರ್ ಬಟ್ಟೆಯ ಹೆಸರು ಪಾರಸಿಯ ಶೀರ್-ಒ-ಶಕರ್, ಅಂದರೆ ಹಾಲು ಮತ್ತು ಸಕ್ಕರೆ. ನಮ್ಮ ಕ್ಷೀರ-ಶರ್ಕರದ ದಾಯಾದಿ. ಖಾಕಿಯ ವಿಷಯದಲ್ಲಂತೂ ನಾವು ದಕ್ಷಿಣ ಕನ್ನಡದವರು ಬಿಟ್ಟುಕೊಡುವವರಲ್ಲ. ಬ್ರಿಟಿಷ್ ಭಾರತದ ವಾಯವ್ಯ ಗಡಿಯ ಗೈಡ್ಸ್ ಪಡೆಯ ಸೈನಿಕರು ಅದನ್ನು ಮೊದಲು ತೊಟ್ಟರೆಂದು ಇತಿಹಾಸಕಾರರು ಹೇಳಿದರೆ, ಆ ಬಣ್ಣವನ್ನು ಕುದಿಸಿ ತೆಗೆದದ್ದು ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ, 1850ರ ದಶಕದ ಆರಂಭದಲ್ಲಿ, ಹಾಲರ್ ಎಂಬ ನೇಯ್ಗೆಯ ಪರಿಣತನು ಎಂದು ನಾವು ಹೇಳುತ್ತೇವೆ. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರಿದಾಗ ಸೇನೆಯ ಖಾಕಿ ಪ್ಯಾಂಟುಗಳನ್ನೇ ತರಗತಿಗೂ ತೊಟ್ಟುಬಂದರು, ಅಲ್ಲಿಂದ ಅದು ಫ್ಯಾಷನ್ನಾಯಿತು.

ಇಷ್ಟೆಲ್ಲ ತಿಳಿದುಕೊಂಡು ಧೈರ್ಯ ಮಾಡಿ ಒಂದು ಮದ್ರಾಸ್ ಚೌಕುಳಿಯ ಕೋಟು ತೆಗೆದುಕೊಂಡೆ. ತೊಳೆದಾಗಲೆಲ್ಲ ಬಣ್ಣ ಬಿಡುವ ಈ ಕೈಮಗ್ಗದ ಬಟ್ಟೆಯನ್ನು ಅಮೆರಿಕದವರು 1950ರ ದಶಕದ ಕೊನೆಯಲ್ಲಿ, ಬಣ್ಣ ಬಿಡುವುದು ಖಾತರಿ ಎಂದೇ ಜಾಹೀರಾತು ಕೊಟ್ಟು ಮಾರಿದರು. ನಮ್ಮೂರಿನಲ್ಲಾದರೆ ಅಂಗಡಿಯವನ ಮುಖಕ್ಕೆ ಹಿಂದಕ್ಕೆಸೆದು ಬರುತ್ತಿದ್ದ ಬಟ್ಟೆ. ಅದನ್ನು ತೊಟ್ಟು ನಮ್ಮವರ ಯುಗಾದಿ ಕೂಟಕ್ಕೆ ಹೋದೆ. ಬೇವು-ಬೆಲ್ಲ ಹಂಚುತ್ತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, "ಎಂತ ಮಾರಾಯ್ರೆ, ಲುಂಗಿ ಹರಿದು ಕೋಟು ಹೊಲಿಸಿದ್ದಾ?" ಎಂದರು. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತೆಂಗಿನಕಾಯಿ ಕೀಳಲು ಬರುತ್ತಿದ್ದವರ ಸೊಂಟದಲ್ಲಿ ನಾನು ಕಂಡ ಚೌಕುಳಿಯೇ ಅದು. ಹಾರ್ವರ್ಡಿನ ಹಿರಿಯರೆದುರು ಇಲ್ಲದ ಸಿರಿವಂತಿಕೆಯನ್ನು ನಟಿಸಿದಂತಾಗಿತ್ತು. ಇಲ್ಲಿ, ಮೈಮುರಿದು ದುಡಿಯುವವರ ಬಟ್ಟೆಯನ್ನು ಶೋಕಿಗೆ ತೊಟ್ಟಂತಾಯಿತು. ಆ ಕೋಟು ಅಂದಿನಿಂದ ಬೀರುವಿನಲ್ಲೇ ಇದೆ.

ಈ ಶೈಲಿಗೆ ನಿಜವಾದ ವಾರಸುದಾರರು ಯಾರು ಎಂದು ಹುಡುಕುತ್ತ ಹೋದರೆ ಹೊರಗಿನವರೇ ಸಿಗುತ್ತಾರೆ ಎಂಬುದು ಬೇರೆ ಮಾತು. 1902ರಲ್ಲಿ ಯೇಲ್ ಹುಡುಗರಿಗೆ ಕೋಟು ಹೊಲಿಯಲು ಅಂಗಡಿ ತೆರೆದ ಜೇಕಬಿ ಪ್ರೆಸ್ ಲಾಟ್ವಿಯಾದಿಂದ ವಲಸೆ ಬಂದ ಯಹೂದಿ. ಪೋಲೋ ಕುದುರೆಯ ಚಿಹ್ನೆಯನ್ನು ಜಗತ್ತಿಗೆಲ್ಲ ಮಾರಿದ ರಾಲ್ಫ್ ಲಾರೆನ್ ಹುಟ್ಟಿದ್ದು ಬ್ರಾಂಕ್ಸ್‌ನಲ್ಲಿ, ಲಿಫ್‌ಶಿಟ್ಸ್ ಎಂಬ ಮನೆಹೆಸರಿನಿಂದ. ಮೈಲ್ಸ್ ಡೇವಿಸ್‌ನಂಥ ಕಪ್ಪು ಸಂಗೀತಗಾರರು ಇದೇ ಗುಂಡಿಯ ಕಾಲರನ್ನು ತೊಟ್ಟಾಗ ಕಾಲೇಜು ಹುಡುಗರಿಗಿಂತ ಚೆನ್ನಾಗಿ ಒಪ್ಪಿತು. ಜಪಾನಿನಲ್ಲಂತೂ, 1964ರ ಒಲಿಂಪಿಕ್ಸಿಗೆ ಮೊದಲು, ಟೋಕಿಯೊದ ಗಿಂಜಾ ಬೀದಿಯಲ್ಲಿ ಹೀಗೆ ಬಟ್ಟೆ ತೊಟ್ಟು ಅಡ್ಡಾಡುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದೊಯ್ದಿದ್ದರು. ನನ್ನ ಕೋಟಿಗೆ ಇನ್ನೂ ಪೊಲೀಸರು ಬಂದಿಲ್ಲ. ಈ ಕಥೆಗಳನ್ನೆಲ್ಲ ನಾನು ಬಾಯಿಪಾಠದಂತೆ ಹೆಂಡತಿಗೆ ಒಪ್ಪಿಸುತ್ತಿರುತ್ತೇನೆ. ಆದರೂ ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಅದೇ ಐದು ನಿಮಿಷ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ, ಕಾಲರ್ ಸವೆದ ನೀಲಿ ಅಂಗಿಯನ್ನು ಪೆಟ್ಟಿಗೆಯಲ್ಲಿ ಒಯ್ದಿದ್ದೆ. ಇಲ್ಲಿ ಅದನ್ನು ಸವೆದ ಹಾಗೆಯೇ ತೊಡುವ ಧೈರ್ಯ ಬರಲಿಲ್ಲ, ಎಸೆಯುವುದಕ್ಕೆ ಮನಸ್ಸೂ ಬರಲಿಲ್ಲ. ಪುತ್ತೂರಿನ ಪೇಟೆಯಲ್ಲಿ ಅಪ್ಪನ ದರ್ಜಿಯ ಅಂಗಡಿಯನ್ನು ಈಗ ಅವರ ಮಗ ನೋಡಿಕೊಳ್ಳುತ್ತಾನೆ. ಕಾಲರ್ ಮಗುಚಬೇಕು ಎಂದಾಗ ಆ ಹುಡುಗನಿಗೆ ಅರ್ಥವಾಗದೆ, ಒಳಗಿನಿಂದ ಮುದುಕರನ್ನು ಕರೆದ. ಅವರು ಕನ್ನಡಕ ಏರಿಸಿ, ನನ್ನನ್ನು ಗುರುತಿಸಿ, ಮಾಸ್ತರರ ಕ್ಷೇಮ ವಿಚಾರಿಸಿ, ಅಂಗಿಯನ್ನು ಬೆಳಕಿಗೆ ಹಿಡಿದರು. ಬಟ್ಟೆ ಗಟ್ಟಿ ಉಂಟು ಎಂದರು. ಆಮೇಲೆ ಕಾಲರಿನ ತುದಿಯನ್ನು ಮುಟ್ಟಿ, "ಇಲ್ಲಿ ಎಂತಕ್ಕೆ ಗುಂಡಿ?" ಎಂದು ಕೇಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಪೋಲೋ ಆಟಗಾರರು ಕುದುರೆಯ ಮೇಲೆ ಓಡುವಾಗ ಕಾಲರ್ ಎದ್ದು ಮುಖಕ್ಕೆ ಬಡಿಯದಂತೆ ಗುಂಡಿ ಹಾಕಿಕೊಂಡಿದ್ದನ್ನು ಅಮೆರಿಕದ ಅಂಗಡಿಯವರೊಬ್ಬರು ನೋಡಿ ಬಂದು ಹೊಲಿಸಿದರಂತೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ನೀನು ಅಲ್ಲಿ ಕುದುರೆ ಓಡಿಸುವುದುಂಟಾ?"

"ಇಲ್ಲ, ರೈಲಿನಲ್ಲಿ ಹೋಗುವುದು."

"ಹಾಗಾದರೆ ಗುಂಡಿ ತೆಗೆಯುವುದಾ, ಇಡುವುದಾ?"

ಇರಲಿ ಎಂದೆ. ಅವರು ಕಾಲರಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಶುಕ್ರವಾರ ಬಾ ಎಂದರು.